ಹುಡುಕಿ ಕೇಳೋಣ

ಆ್ಯಪ್ ತಾನಾಗಿ ಮುಂದಿಡುವುದನ್ನಷ್ಟೇ ಕೇಳುತ್ತಿದ್ದರೆ ನಮಗೆ ಸಿಗುವುದು ಈಗಾಗಲೇ ಎಲ್ಲರೂ ಕೇಳಿದ ಸಂಗೀತ ಮಾತ್ರ. ಅದಕ್ಕೇ ಒಂದು ವರ್ಷದಿಂದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಮೂಲೆಗುಂಪಾದ ಸಂಯೋಜಕರ ಧ್ವನಿಮುದ್ರಿಕೆಗಳನ್ನು ಹುಡುಕಿ ಕೇಳುತ್ತಿದ್ದೇನೆ.

ಅಮೆರಿಕದ ಕಪ್ಪು ಜನಾಂಗದ ಫ್ಲಾರೆನ್ಸ್ ಪ್ರೈಸ್ ಅವರ ಸಿಂಫನಿಯನ್ನು ಶಿಕಾಗೊ ಸಿಂಫನಿ ಆರ್ಕೆಸ್ಟ್ರಾ 1933ರಲ್ಲೇ ನುಡಿಸಿತ್ತು. ಆದರೂ ಅವರ ಎಷ್ಟೋ ಹಸ್ತಪ್ರತಿಗಳು ಸಿಕ್ಕಿದ್ದು 2009ರಲ್ಲಿ, ಪಾಳುಬಿದ್ದ ಮನೆಯೊಂದರಲ್ಲಿ. ಅದರಲ್ಲಿದ್ದ ವಯೊಲಿನ್ ಕನ್ಸರ್ಟೊಗಳನ್ನು ಇಂದು ಯಾರು ಬೇಕಾದರೂ ಕೇಳಬಹುದು.

ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ನಿಕೊಲಾಯ್ ಮೆಡ್ಟ್ನರ್ ಅವರಿಗೆ ಕೊನೆಗಾಲದಲ್ಲಿ ಆಸರೆಯಾದವರು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. 1940ರ ದಶಕದಲ್ಲಿ ಒಡೆಯರ್ ಕೊಟ್ಟ ಹಣದಿಂದ ಮೆಡ್ಟ್ನರ್ ತಮ್ಮ ಮೂರೂ ಪಿಯಾನೊ ಕನ್ಸರ್ಟೊಗಳನ್ನು ತಾವೇ ನುಡಿಸಿ ಮುದ್ರಿಸಿದರು; ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಅವರು ನುಡಿಸಿದ ಪಿಯಾನೊ ಮಾತ್ರ ಈಗಲೂ ನಮ್ಮ ಮೊಬೈಲಿನಲ್ಲಿ ಕೇಳಿಸುತ್ತದೆ.

ಹೆಸರು ಬಾರದಿದ್ದ ಮಾತ್ರಕ್ಕೆ ಯೋಗ್ಯತೆ ಇಲ್ಲವೆಂದಲ್ಲ. ಅರ್ಜಿ ಹಾಕಿ ಉತ್ತರಕ್ಕಾಗಿ ಕಾಯುತ್ತಿರುವ ನಮ್ಮಂಥವರು ಇದನ್ನು ನೆನಪಿಡಬೇಕು. ಹಾಗೆಂದು ಒಳ್ಳೆಯದು ತಾನಾಗಿ ಬೆಳಕಿಗೆ ಬರುವುದೂ ಇಲ್ಲ. ಯಾರಾದರೂ ನುಡಿಸಬೇಕು, ಯಾರಾದರೂ ಮುದ್ರಿಸಬೇಕು, ಯಾರಾದರೂ ಕೇಳಬೇಕು. ಮೊದಲೆರಡು ನಮ್ಮ ಕೈಲಾಗದಿರಬಹುದು. ಮೂರನೆಯದಕ್ಕೆ ಅರಮನೆಯ ಖಜಾನೆ ಬೇಕಿಲ್ಲ, ಅರ್ಧ ಗಂಟೆ ಸಾಕು. ಈ ಭಾನುವಾರ, ನೀವು ಈವರೆಗೆ ಕೇಳಿರದ ಒಂದು ಹೆಸರನ್ನು ಹುಡುಕಿ ನೋಡಿ.