ನಾಯಿಗೆ ಹಕ್ಕಿಯ ಸ್ನೇಹ ಬೇಡ, ಬೇಸರ ಬಂದರೆ ಸಾಕು

ಬೆಳಗೋಡು ಹೋಬಳಿಯ ಕಡೆ ಸಂತೆಯಿಂದ ತಂದ ಹೇಂಟೆಯನ್ನು ಅಂದೇ ಅಂಗಳಕ್ಕೆ ಬಿಟ್ಟುಬಿಡುವವರು ಕಡಿಮೆ. ಕೆಲವು ದಿನ ಮಂಕರಿ ಕವುಚಿ ಅದರಡಿ ಇಡುತ್ತಾರೆ, ಇಲ್ಲವೇ ಕಾಲಿಗೆ ದಾರ ಕಟ್ಟಿ ಕೊಟ್ಟಿಗೆಯ ಕಂಬಕ್ಕೆ ಬಿಗಿಯುತ್ತಾರೆ. ಕೋಳಿಗೆ ಮನೆ ಗುರುತು ಹತ್ತಲಿ, ಸಂಜೆ ಗೂಡಿಗೆ ತಾನೇ ಬರಲಿ ಎನ್ನುವುದು ಲೆಕ್ಕ. ಆದರೆ ಆ ದಿನಗಳಲ್ಲಿ ಯಾರೂ ಹೇಳಿ ಮಾಡಿಸದ ಇನ್ನೊಂದು ಕೆಲಸವೂ ಆಗಿರುತ್ತದೆ. ಮನೆಯ ನಾಯಿ ಮೊದಲು ಮಂಕರಿಯ ಸುತ್ತ ಮೂಸುತ್ತಾ ತಿರುಗುತ್ತದೆ, ಆಮೇಲೆ ಸ್ವಲ್ಪ ದೂರ ಕೂತು ನೋಡುತ್ತದೆ, ಕೊನೆಗೊಂದು ದಿನ ಅತ್ತ ಕಣ್ಣೂ ಹಾಯಿಸದೆ ಬೂದಿಗುಂಡಿಯಲ್ಲಿ ಸುರುಳಿ ಸುತ್ತಿ ಮಲಗುತ್ತದೆ. ಈಗ ಅದೇ ಮನೆಗಳ ಹಜಾರಕ್ಕೆ ಲವ್ ಬರ್ಡ್ಸ್, ಕಾಕಟೀಲ್‌ಗಳ ಪಂಜರ ಬರುತ್ತಿದೆ. ಅವುಗಳ ವಿಷಯದಲ್ಲಿ ಮಾತ್ರ ಈ ಸಾವಧಾನ ಕಾಣುವುದಿಲ್ಲ. ಪೇಟೆಯಿಂದ ತಂದ ಪಂಜರವನ್ನು ಜಗಲಿಯ ಮೇಲಿಟ್ಟು, ನಾಯಿಯನ್ನು ಕರೆದು, ಎರಡೂ ಮೂತಿ ಮೂತಿ ಮುಟ್ಟಿಸುವ ಚಂದವನ್ನು ಮೊಬೈಲಿನಲ್ಲಿ ಹಿಡಿಯುವ ಅವಸರವೇ ಹೆಚ್ಚು. ಅಡಿ ತಪ್ಪುವುದು ಇಲ್ಲೇ. ನಾಯಿ ಹಕ್ಕಿಗಳ ನಡುವೆ ನಾವು ಸಾಧಿಸಬೇಕಾದದ್ದು ಗೆಳೆತನವಲ್ಲ. ಹಕ್ಕಿಯ ಬಗ್ಗೆ ನಾಯಿಗೆ ಬೇಸರ ಬರಬೇಕು, ಅಷ್ಟೆ.

ಕೋಳಿಗೂ ನಾಯಿಗೂ ಹೊಂದುವುದಾದರೆ ಗಿಣಿಯಂಥ ಪುಟ್ಟ ಹಕ್ಕಿಗೆ ಏಕೆ ಹೊಂದಬಾರದು ಎಂದು ಕೇಳುವವರಿದ್ದಾರೆ. ಅಂಗಳದಲ್ಲಿ ನಾಯಿಗೆ ಪಾಠ ಹೇಳಿದ್ದು ಯಾರು ಎಂಬುದನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ಮರಿ ಜೊತೆಗಿರುವ ಹೇಂಟೆಯ ಹತ್ತಿರ ಕುನ್ನಿ ಹೋದರೆ ಅದು ರೆಕ್ಕೆ ಕೆದರಿ ಮೈ ದುಪ್ಪಟ್ಟು ಮಾಡಿಕೊಂಡು ಮೂಗಿಗೇ ಕುಕ್ಕುತ್ತದೆ. ಕುಂಯ್‌ಗುಡುತ್ತಾ ಓಡಿದ ಕುನ್ನಿ ಅದನ್ನು ಬೇಗ ಮರೆಯುವುದಿಲ್ಲ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ನಾಯಿಗಳ ಸ್ವಭಾವದ ಮೇಲೆ ವರ್ಷಗಟ್ಟಲೆ ಅಧ್ಯಯನ ನಡೆಸಿ 1965ರಲ್ಲಿ ಪ್ರಕಟಿಸಿದ ಪುಸ್ತಕ ಇದಕ್ಕೆ ಆಧಾರ ಕೊಡುತ್ತದೆ. ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ಮರಿ ಯಾರೊಡನೆ ಬೆಳೆಯುತ್ತದೋ ಅವರನ್ನು ತನ್ನವರೆಂದು ಒಪ್ಪಿಕೊಳ್ಳುವುದು ಸುಲಭ. ಕೊಟ್ಟಿಗೆಯಲ್ಲಿ ಹುಟ್ಟಿ ಕೋಳಿಗಳ ಕಾಲಡಿ ಬೆಳೆದ ನಾಯಿಗೆ ಆ ಪಾಠ ಸಕಾಲದಲ್ಲೇ ಆಗಿರುತ್ತದೆ. ಅಷ್ಟಾದರೂ ಅದೇ ನಾಯಿ ತೋಟದ ಬೇಲಿಯಾಚೆ ಕಾಡುಕೋಳಿ ಕೂಗಿದರೆ ಕಿವಿ ನಿಮಿರಿಸಿ ನುಗ್ಗುತ್ತದೆ. ಅದು ಕಲಿತದ್ದು ತನ್ನ ಮನೆಯ ಕೋಳಿಯನ್ನು ಬಿಡಬೇಕೆಂದು, ರೆಕ್ಕೆ ಇರುವುದನ್ನೆಲ್ಲ ಬಿಡಬೇಕೆಂದಲ್ಲ. ಇನ್ನು ನಾಲ್ಕೈದು ವರ್ಷದ ನಾಯಿ ಇರುವ ಮನೆಗೆ ಬರುವ, ಮೂವತ್ತು ನಲವತ್ತು ಗ್ರಾಂ ತೂಗುವ ಹಕ್ಕಿ ಯಾರನ್ನು ಕುಕ್ಕಿ ಬುದ್ಧಿ ಹೇಳೀತು? ಹೇಂಟೆ ಮಾಡುತ್ತಿದ್ದ ಕೆಲಸ ಈಗ ಮನೆಯವರ ಪಾಲಿನದು.

‘ನಮ್ಮ ನಾಯಿ ತುಂಬಾ ಪಾಪದ್ದು, ಮಕ್ಕಳು ಬಾಲ ಎಳೆದರೂ ಸುಮ್ಮನಿರುತ್ತದೆ’ ಎನ್ನುವ ಮಾತು ಸುಳ್ಳೇನಲ್ಲ, ಆದರೆ ಇಲ್ಲಿಗೆ ಸಲ್ಲುವುದಿಲ್ಲ. ಬೇಟೆ ಸಿಟ್ಟಿನಿಂದ ಹುಟ್ಟುವುದಲ್ಲ. ಸಿಟ್ಟು ಬಂದ ನಾಯಿ ಗುರ್ ಎನ್ನುತ್ತದೆ, ಬೇಟೆಗೆ ಇಳಿದ ನಾಯಿ ಸದ್ದೇ ಮಾಡುವುದಿಲ್ಲ. ಬಾಯಿ ಮುಚ್ಚಿಕೊಳ್ಳುತ್ತದೆ, ಕಿವಿ ಮುಂದಕ್ಕೆ ಬಾಗುತ್ತದೆ, ಮೈ ಬಿಗಿಯುತ್ತದೆ, ಕಣ್ಣು ಒಂದೇ ಕಡೆ ನೆಟ್ಟು ನಿಲ್ಲುತ್ತದೆ. ಪಂಜರದೆದುರು ಹೀಗೆ ಕಲ್ಲಿನಂತೆ ನಿಂತ ನಾಯಿಯನ್ನು ಕಂಡು ‘ನೋಡಿ, ಎಷ್ಟು ಶಾಂತವಾಗಿದೆ’ ಎನ್ನುವವರು ಅಪಾಯವನ್ನೇ ಮೆಚ್ಚುತ್ತಿರುತ್ತಾರೆ. ನಾಯಿಯ ಈ ಗುಣವನ್ನು ತಿದ್ದಿ ತೀಡಿ ಬೆಳೆಸಿದವರು ಮನುಷ್ಯರೇ. ಲ್ಯಾಬ್ರಡಾರ್ ರಿಟ್ರೀವರ್ ತಳಿಯ ಹೆಸರಿನಲ್ಲೇ ಹೊಡೆದ ಹಕ್ಕಿಯನ್ನು ಹೆಕ್ಕಿ ತರುವ ಕಸುಬಿದೆ. ಪಕ್ಕದ ಮೂಡಿಗೆರೆಯ ಲೇಖಕ ತೇಜಸ್ವಿಯವರ ನಾಯಿ ‘ಕಿವಿ’ಯಿಂದಾಗಿ ಕನ್ನಡಿಗರಿಗೆಲ್ಲ ಪರಿಚಯವಾದ ಸ್ಪ್ಯಾನಿಯಲ್, ಪೊದೆ ನುಗ್ಗಿ ಹಕ್ಕಿ ಎಬ್ಬಿಸಲೆಂದೇ ಬೆಳೆಸಿದ ತಳಿ. ಲ್ಯಾಬ್ರಡಾರ್ ಹಲ್ಲು ತಾಗಿಸದೆ ಮೆಲ್ಲಗೆ ಕಚ್ಚುತ್ತದೆ ಎಂಬ ಸಮಾಧಾನವೂ ಪೊಳ್ಳು. ಹಕ್ಕಿಗೆ ನಮಗಿರುವಂತೆ ವಪೆ ಇಲ್ಲ, ಎದೆಮೂಳೆ ಮೇಲೆ ಕೆಳಗೆ ಆಡಿದರಷ್ಟೇ ಅದಕ್ಕೆ ಉಸಿರು. ಆ ಎದೆಯನ್ನು ಬಾಯಲ್ಲಿ ಒತ್ತಿ ಹಿಡಿದರೆ ಗಾಯವೇ ಇಲ್ಲದೆ ಸಾಯುತ್ತದೆ. ಬಿಡಿಸಿಕೊಂಡು ಬದುಕಿದರೂ ನಾಯಿಯ ಜೊಲ್ಲಿನಲ್ಲಿರುವ ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾ ಸೂಜಿಮೊನೆಯಷ್ಟು ಗಾಯದಿಂದ ಒಳಹೊಕ್ಕರೆ ಹಕ್ಕಿಯ ಪ್ರಾಣಕ್ಕೆ ಸಂಚಕಾರ. ಹಾಗಾಗಿ ‘ಏನೂ ಆಗಿಲ್ಲ, ಪುಕ್ಕ ಉದುರಿದೆ ಅಷ್ಟೆ’ ಎಂದು ಸುಮ್ಮನಾಗದೆ ಅಂದೇ ಪಶುವೈದ್ಯರಿಗೆ ತೋರಿಸಬೇಕು.

ಮಲೆನಾಡಿನ ಮನೆಗಳಲ್ಲಿ ಈ ಅಪಾಯ ಬಯಲುಸೀಮೆಗಿಂತ ತುಸು ಹೆಚ್ಚೇ. ಮಳೆ ಹಿಡಿದರೆ ನಾಯಿಯೂ ಪಂಜರವೂ ಒಂದೇ ಜಗಲಿಗೆ ಬರುತ್ತವೆ. ಸಕಲೇಶಪುರ, ಆಲೂರಿನ ತೋಟಗಳಲ್ಲಿ ಆನೆ ಸುಳಿದಾಡುವ ದಿನ, ಚಿರತೆಯ ಅಂಜಿಕೆ ಇರುವ ರಾತ್ರಿ, ಹೊರಗಿದ್ದ ನಾಯಿಯನ್ನು ಒಳಗೆ ಕೂಡಿಕೊಳ್ಳುತ್ತಾರೆ. ಹೊರಗಿನ ವಾಸನೆಗೆ ಅದು ಮೊದಲೇ ಕೆರಳಿರುತ್ತದೆ. ಕರೆಂಟು ಹೋದ ಕತ್ತಲಲ್ಲಿ ಕಾಕಟೀಲ್ ಗಾಬರಿಬಿದ್ದು ರೆಕ್ಕೆ ಬಡಿಯುತ್ತದೆ, ಇದು ಆ ಜಾತಿಯ ಹುಟ್ಟುಗುಣ. ಕೆರಳಿದ ನಾಯಿಗೆ ರೆಕ್ಕೆಯ ಸದ್ದಿಗಿಂತ ಬೇರೆ ಆಹ್ವಾನ ಬೇಕೆ? ಇದಕ್ಕಿಂತ ಕೆಟ್ಟದ್ದು ಹಗಲೆಲ್ಲ ಸರಪಳಿಯಲ್ಲಿ ಕಟ್ಟಿದ ನಾಯಿಯ ಕಣ್ಣೆದುರೇ ಪಂಜರ ತೂಗುಹಾಕುವುದು. ‘ನೋಡಿ ನೋಡಿ ಅಭ್ಯಾಸವಾಗಲಿ’ ಎಂಬುದು ಅದರ ಹಿಂದಿನ ವಾದ. ಮಂಕರಿಯ ಸುತ್ತ ತಿರುಗುವ ನಾಯಿಗೆ ಮೂಸಿ ನೋಡಿ, ಸಾಕೆನಿಸಿದಾಗ ಎದ್ದು ಹೋಗುವ ಸ್ವಾತಂತ್ರ್ಯವಿತ್ತು. ಸರಪಳಿಯ ನಾಯಿಗೆ ಹತ್ತಿರ ಹೋಗಲೂ ಆಗದು, ದೂರ ಸರಿಯಲೂ ಆಗದು. ಅಲ್ಲಿ ಬೆಳೆಯುವುದು ಅಭ್ಯಾಸವಲ್ಲ, ಚಡಪಡಿಕೆ. ಅದು ಒಂದು ದಿನ ಸರಪಳಿ ಕಿತ್ತುಕೊಂಡೇ ತೀರುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲ ವಾರ ಹಕ್ಕಿ ಬಾಗಿಲು ಹಾಕಿದ ಬೇರೆ ಕೋಣೆಯಲ್ಲಿರಲಿ. ಹೊಸ ಮನೆಗೆ ಹೊಂದಿಕೊಳ್ಳಲು ಅದಕ್ಕೂ ಅಷ್ಟು ಕಾಲ ಬೇಕು. ಪಂಜರದ ತಳಕ್ಕೆ ಹಾಸಿದ ಕಾಗದವನ್ನೋ ಬಟ್ಟೆಯನ್ನೋ ನಾಯಿಗೆ ಮೂಸಲು ಕೊಡಬಹುದು, ಮೂಗಿನ ಪ್ರಾಣಿಗೆ ಪರಿಚಯ ಮೂಗಿನಿಂದಲೇ ಆಗಲಿ. ಆಮೇಲೆ ನಾಯಿಗೆ ಸಾಕಷ್ಟು ಓಡಾಟವಾಗಿ ದಣಿದ ಹೊತ್ತಿನಲ್ಲಿ, ಕೈಯಲ್ಲಿ ಹಗ್ಗ ಸಡಿಲವಾಗಿ ಹಿಡಿದು, ಕೋಣೆಯ ಬಾಗಿಲ ಬಳಿ ಒಂದೆರಡು ನಿಮಿಷ. ಹಕ್ಕಿಯನ್ನು ನೋಡಿ ಮತ್ತೆ ನಮ್ಮತ್ತ ತಿರುಗಿತೋ, ಬೇಯಿಸಿದ ಮಾಂಸದ ಒಂದು ಚೂರು. (ಅದು ಕೋಳಿಯದೇ ಆಗಿದ್ದರೆ ನಗಬೇಕಷ್ಟೆ, ನಾಯಿಗೆ ಆ ತರ್ಕವಿಲ್ಲ.) ಕಣ್ಣು ನೆಟ್ಟು ಬಿಗಿಯಿತೋ, ಗದರದೆ ದೂರ ಕರೆದೊಯ್ಯುವುದು. ಹಕ್ಕಿ ಗರಿಗಳನ್ನು ಮೈಗೆ ಒತ್ತಿ ಸಪೂರಾಗಿ ನಿಂತಿದ್ದರೆ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅಂದಿಗೆ ಸಾಕು. ಪಂಜರ ನೆಲದಲ್ಲಂತೂ ಬೇಡ. ನಾಯಿಯ ಮೂತಿಗೆ ಸಿಗದ ಎತ್ತರದಲ್ಲಿ, ಎರಡು ಗೋಡೆ ಸೇರುವ ಮೂಲೆಯಲ್ಲಿಟ್ಟರೆ ಹಕ್ಕಿಗೆ ಬೆನ್ನ ಹಿಂದಿನ ಭಯವಾದರೂ ತಪ್ಪುತ್ತದೆ. ಕಂಬಿ ಹಿಡಿದು ಕೂತ ಕಾಲ್ಬೆರಳು ಪಂಜರದ ಹೊರಗಿರುತ್ತದೆ ಎಂಬುದೂ ನೆನಪಿರಲಿ.

ಇಷ್ಟೆಲ್ಲ ಏಕೆ, ಎರಡೇಟು ಬಿಗಿದರೆ ನಾಯಿ ಕಲಿಯುತ್ತದೆ ಎನ್ನುವ ಹಳೆಯ ವಾದವೂ ಉಂಟು. ಕಲಿಯುತ್ತದೆ ನಿಜ: ಯಜಮಾನ ಎದುರಿಗಿದ್ದಾಗ ಹಕ್ಕಿಯ ಕಡೆ ನೋಡಬಾರದೆಂದು. ಯಜಮಾನ ಕಾಫಿ ಕಣಕ್ಕೆ ಹೋದ ಮೇಲಿನ ಪಾಠ ಅದರಲ್ಲಿಲ್ಲ. ಮೇಲಾಗಿ ಹಕ್ಕಿ ಕಂಡಾಗಲೆಲ್ಲ ಏಟು ತಿಂದ ನಾಯಿಗೆ ಹಕ್ಕಿಯೇ ನೋವಿನ ಗುರುತಾಗುತ್ತದೆ. ಇನ್ನೊಂದು ಕಡೆಯವರು ನಾಯಿಯ ತಲೆಯ ಮೇಲೆ ಗಿಣಿ ಕೂತ ವಿಡಿಯೊ ತೋರಿಸುತ್ತಾರೆ. ಅರ್ಧ ನಿಮಿಷದ ವಿಡಿಯೊ ಉಳಿದ ದಿನದ ಕತೆ ಹೇಳುವುದಿಲ್ಲ. ನಾಯಿ ಹಕ್ಕಿಯನ್ನು ಕಾಯಬಲ್ಲದು ಎಂಬುದಕ್ಕೆ ಗಟ್ಟಿ ಉದಾಹರಣೆ ಬೇಕಿದ್ದರೆ ಆಸ್ಟ್ರೇಲಿಯಾದ ವಾರ್ನಂಬೂಲ್ ಊರಿನದಿದೆ. ಅಲ್ಲಿನ ಮಿಡ್ಲ್ ಐಲೆಂಡ್ ಎಂಬ ನಡುಗಡ್ಡೆಯಲ್ಲಿ ನರಿಗಳಿಗೆ ಸಿಕ್ಕಿ ಪೆಂಗ್ವಿನ್‌ಗಳು ಬೆರಳೆಣಿಕೆಗೆ ಇಳಿದಾಗ 2006ರಲ್ಲಿ ಮರೆಮ್ಮಾ ನಾಯಿಗಳನ್ನು ಕಾವಲಿಗೆ ಬಿಟ್ಟರು. ಯೋಜನೆ ಫಲಿಸಿತು. ಆದರೆ ಅವು ತಲೆತಲಾಂತರದಿಂದ ಕುರಿಮಂದೆ ಕಾಯಲು ಆಯ್ದು ಬೆಳೆಸಿದ ತಳಿ, ಮೊದಲು ಹೋದ ನಾಯಿ ಅದಕ್ಕೂ ಮುಂಚೆ ಕೋಳಿ ಕಾಯುತ್ತಿದ್ದದ್ದು. ಅದನ್ನು ತೋರಿಸಿ ನಮ್ಮ ಹಜಾರದ ಡಾಬರ್‌ಮನ್‌ಗೆ ಜಾಮೀನು ಕೊಡಲಾಗದು.

ಪಂಜರದ ಹಕ್ಕಿಯೇ ಏಕೆ ಬೇಕು, ತೋಟದಲ್ಲಿ ಹಕ್ಕಿಗೆ ಬರವೇ ಎಂಬ ಆಕ್ಷೇಪವನ್ನು ಮಾತ್ರ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಸಿಲ್ವರ್ ಓಕ್ ಮೇಲೆ ಮೆಣಸಿನ ಬಳ್ಳಿ ಹಬ್ಬಿದ, ಅತ್ತಿ ಹಲಸು ಉಳಿಸಿಕೊಂಡ ಕಾಫಿ ತೋಟದವರಿಗೆ ಹಕ್ಕಿಯ ದನಿಗೆ ದುಡ್ಡು ಕೊಡುವ ದರ್ದು ನಿಜಕ್ಕೂ ಇಲ್ಲ. ಅದರಲ್ಲೂ ನಮ್ಮ ಗಿಣಿ, ಬೆಟ್ಟದ ಮೈನಾಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪೊಟರೆಯಿಂದ ಇಳಿಸಿದ ಮರಿಯನ್ನು ‘ಪಾಪ, ಸಿಕ್ಕಿತು’ ಎಂದು ಮನೆಗೆ ತಂದರೂ ಅಷ್ಟೇ. ಅಂಗಡಿಯಲ್ಲಿ ಲವ್ ಬರ್ಡ್ಸ್ ಎಂದು ಮಾರುವುದು ಬಹುಪಾಲು ಆಸ್ಟ್ರೇಲಿಯಾ ಮೂಲದ ಬಜರಿಗರ್‌, ಪಂಜರದಲ್ಲೇ ಹುಟ್ಟಿ ಬೆಳೆದವು. ಅವನ್ನು ಹೊರಗೆ ಬಿಟ್ಟರೆ ಬದುಕುವುದು ಕಷ್ಟ. ಒಮ್ಮೆ ತಂದ ಮೇಲೆ ಅವು ಹಲವು ವರ್ಷದ ಹೊಣೆ, ಕಾಕಟೀಲ್ ಆದರೆ ಇನ್ನೂ ಹೆಚ್ಚು. ಮನೆಯ ನಾಯಿಗಿಂತ ಹಕ್ಕಿಯೇ ಹೆಚ್ಚು ಕಾಲ ಬಾಳಬಹುದು, ಆಗ ಮುಂದಿನ ನಾಯಿಗೆ ಇದೇ ಪಾಠ ಮೊದಲಿಂದ. ಹಿಂದಿನ ನಾಯಿಗೆ ಪಂಜರದ ಕೆಳಗೆ ಆಕಳಿಸಿ ಬೆನ್ನು ತಿರುಗಿಸಿ ಮಲಗುವಷ್ಟು ಬೇಸರ ಬಂದಿದ್ದರೂ, ಹಕ್ಕಿಯನ್ನು ಹೊರಬಿಡುವ ಹೊತ್ತಿಗೆ ಅದು ಬಾಗಿಲಾಚೆಯೇ ಇರಬೇಕಿತ್ತು, ಚಿಲಕ ಹಾಕಿರಬೇಕಿತ್ತು.