ಬೆವರುಮನೆಯೂ ಹಗುರವಾದ ಮನಸ್ಸೂ

ಫಿನ್‌ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ; ಆ ನಾಡಿನಲ್ಲಿರುವ ಬೆವರುಮನೆಗಳು ಸುಮಾರು 30 ಲಕ್ಷ! ‘ಸೌನಾ’ ಎಂದು ಇವುಗಳ ಹೆಸರು. ಮರದ ಹಲಗೆಯ ಸಣ್ಣ ಕೋಣೆ, ಅದರೊಳಗೊಂದು ಒಲೆ, ಒಲೆಯ ಮೇಲೆ ಕಾದ ಕಲ್ಲುಗಳ ರಾಶಿ. ಒಳಗಿನ ಶಾಖ 80ರಿಂದ 100 ಡಿಗ್ರಿ ಸೆಲ್ಸಿಯಸ್. ಗಾಳಿ ಒಣಗಿರುವುದರಿಂದ ಬೆವರು ಬೇಗನೆ ಆರಿ ಮೈಯನ್ನು ಕಾಪಾಡುತ್ತದೆ. ಕಲ್ಲಿನ ಮೇಲೆ ನೀರು ಚಿಮುಕಿಸಿದಾಗ ಏಳುವ ಆವಿಗೆ ‘ಲೊಯ್ಲು’ ಎನ್ನುತ್ತಾರೆ. ಆ ಮಾತಿಗೆ ಹಿಂದೆ ಪ್ರಾಣವೆಂಬ ಅರ್ಥವಿತ್ತು.

ಹೊರಬಂದವರ ಮನಸ್ಸು ಹಗುರವಾಗುವುದೆಂಬುದು ತಲೆಮಾರುಗಳ ಅನುಭವ. ಇದು ಬರಿಯ ಭ್ರಮೆಯೆ?

ಅಲ್ಲ. ದೇಹದ ಉಷ್ಣತೆಯನ್ನು ಕಾಯುವ ಹೊಣೆ ಮಿದುಳಿನ ತಳದಲ್ಲಿರುವ ಹೈಪೊಥಲಮಸ್ ಎಂಬ ಭಾಗದ್ದು. ಶಾಖವೇರಿದೊಡನೆ ಅದರ ಆಜ್ಞೆಯಂತೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ; ಬೆವರು ಹರಿಯುತ್ತದೆ; ನಾಡಿ ತ್ವರೆಗೊಳ್ಳುತ್ತದೆ. ರಕ್ತದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚುತ್ತದೆ. ನೋವನ್ನು ಮಂದಗೊಳಿಸುವ ಬೀಟಾ-ಎಂಡಾರ್ಫಿನ್ ಕೂಡ ಏರಿದುದನ್ನು ಹಲವು ಪರೀಕ್ಷೆಗಳು ತೋರಿಸಿವೆ. ಆದರೆ ರಕ್ತದಲ್ಲಿ ಕಂಡದ್ದೆಲ್ಲ ಮಿದುಳಿನೊಳಗೂ ಇರಬೇಕೆಂದಿಲ್ಲ. ಇವೆರಡರ ನಡುವೆ ಬಿಗಿಯಾದ ತಡೆಯೊಂದುಂಟು. ಬೀಟಾ-ಎಂಡಾರ್ಫಿನ್ ಅದನ್ನು ಸುಲಭವಾಗಿ ದಾಟಲಾರದು.

ಪೂರ್ವ ಫಿನ್‌ಲೆಂಡಿನ 2,315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ವರದಿಯೊಂದು 2017ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆ ಸೌನಾಕ್ಕೆ ಹೋಗುವವರಿಗಿಂತ 4ರಿಂದ 7 ಸಲ ಹೋಗುವವರಲ್ಲಿ ಮರೆವಿನ ರೋಗದ ಸಂಭವ ಶೇ. 66ರಷ್ಟು ಕಡಿಮೆಯಾಗಿತ್ತು. ಹಾಗೆಂದು ಶಾಖವೇ ಕಾರಣವೆಂದು ತೀರ್ಮಾನಿಸಲಾಗದು. ಅಷ್ಟು ಸಲ ಹೋಗಬಲ್ಲವರು ಮೊದಲೇ ಗಟ್ಟಿಮುಟ್ಟಾಗಿದ್ದಿರಬಹುದು. 2016ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಯಂತ್ರದಿಂದ ಮೈಯನ್ನು ಒಂದೇ ಸಲ ಕಾಯಿಸಿದಾಗ ಖಿನ್ನತೆಯ ರೋಗಿಗಳು ಆರು ವಾರಗಳವರೆಗೂ ಸುಧಾರಣೆ ತೋರಿದರು. ಆದರೆ ಅದರಲ್ಲಿದ್ದವರು ಸುಮಾರು 30 ಮಂದಿ ಮಾತ್ರ.

ಆದುದರಿಂದ ಶಾಖಸ್ನಾನವನ್ನು ಸುಖವೆಂದು ಸ್ವೀಕರಿಸೋಣ. ಔಷಧಕ್ಕೆ ಬದಲೆಂದು ಬಗೆಯುವುದು ಬೇಡ. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ಮಾತ್ರೆಯನ್ನು ನಿಲ್ಲಿಸಬಾರದು. ಹೃದ್ರೋಗವುಳ್ಳವರೂ ಗರ್ಭಿಣಿಯರೂ ವೈದ್ಯರ ಒಪ್ಪಿಗೆ ಪಡೆದೇ ಇಂಥ ಕೋಣೆಯನ್ನು ಹೊಕ್ಕರೆ ಲೇಸು. ಮದ್ಯ ಸೇವಿಸಿದವರಂತೂ ಅದರ ಬಾಗಿಲಿಗೂ ಹೋಗಕೂಡದು. ತಲೆ ಸುತ್ತಿದರೆ ಕೂಡಲೇ ಹೊರಬನ್ನಿ. ಹೊರಬಂದ ಮೇಲೆ ಸಾಕಷ್ಟು ನೀರು ಕುಡಿಯಿರಿ.