ಹಂಗಿಲ್ಲದ ಸದ್ದು

ನಮ್ಮ ವಾರ್ಷಿಕ ಸಮಾವೇಶದ ವೆಚ್ಚಕ್ಕೆ ರೆಸಾರ್ಟ್ ಮಾಲೀಕರೊಬ್ಬರ ನೆರವನ್ನು ಸ್ವೀಕರಿಸಬಹುದೇ ಎಂಬ ಚರ್ಚೆ ಬಳಗದಲ್ಲಿ ನಡೆದಿದೆ. ವೇದಿಕೆಯ ಹಿಂದೆ ಅವರದೊಂದು ಫಲಕ ತೂಗಿದರೆ ಕಾಡಿಗೇನು ನಷ್ಟ ಎಂದು ಕೆಲವು ಹಿರಿಯರು ಕೇಳುತ್ತಿದ್ದಾರೆ. ಇದಕ್ಕೆ ನನಗೆ ಉತ್ತರ ದೊರೆತದ್ದು ತೀರ ಅನಿರೀಕ್ಷಿತ ಸ್ಥಳದಲ್ಲಿ: ಅಮೆರಿಕದ ಬರ್ಕ್ಲಿ ನಗರದ ಗಿಲ್ಮನ್ ಬೀದಿಯ 924ನೆಯ ಸಂಖ್ಯೆಯ ಕಟ್ಟಡದಲ್ಲಿ, ಹಾರ್ಡ್‌ಕೋರ್ ಪಂಕ್ ಸಂಗೀತದ ಒಂದು ಸಂಜೆ.

ಬಂಧುಗಳ ಮನೆಗೆ ಹೋಗಿದ್ದಾಗ ಅಲ್ಲಿನ ತರುಣನೊಬ್ಬ ನನ್ನನ್ನು ಕರೆದೊಯ್ದ. ಅಂದು ಐದು ತಂಡಗಳಿದ್ದವು. ಒಂದೊಂದು ಹಾಡೂ ಒಂದೆರಡು ನಿಮಿಷದ ಸಿಡಿಲು. ಆ ಸಂಗೀತ ನನಗೆ ರುಚಿಸಿತೆಂದು ಸುಳ್ಳು ಹೇಳಲಾರೆ. ಕಿವಿಗೆ ಹತ್ತಿ ತುರುಕಿಕೊಂಡೇ ನಿಂತಿದ್ದೆ. ಆದರೆ ಕಣ್ಣು ತೆರೆದಿತ್ತು. ಹಾಡಿ ಮುಗಿಸಿದವರು ಕೆಳಗಿಳಿದು ಕೇಳುಗರೊಡನೆ ನಿಂತರು. ಮುಂದಿನ ತಂಡದ ಡ್ರಮ್ಮುಗಳನ್ನು ತಾವೇ ಹೊತ್ತರು. ನೂಕುನುಗ್ಗಲಿನಲ್ಲಿ ಬಿದ್ದ ಹುಡುಗನನ್ನು ಹತ್ತಾರು ಕೈಗಳು ಕ್ಷಣದಲ್ಲಿ ಎತ್ತಿ ನಿಲ್ಲಿಸಿದವು. ಮುಖ್ಯ ಅತಿಥಿಯಿರಲಿಲ್ಲ, ಹಾರವಿರಲಿಲ್ಲ, ಯಾವ ಕಂಪನಿಯ ಫಲಕವೂ ಇರಲಿಲ್ಲ.

1986ರ ಡಿಸೆಂಬರ್ 31ರಂದು ಆರಂಭವಾದ ಈ ತಾಣವನ್ನು ಸ್ವಯಂಸೇವಕರೇ ನಡೆಸುತ್ತ ಬಂದಿದ್ದಾರೆ. ಎಲ್ಲ ವಯಸ್ಸಿನವರಿಗೂ ಪ್ರವೇಶ; ಮದ್ಯ, ಹಿಂಸೆ, ಜನಾಂಗದ್ವೇಷ, ಸ್ತ್ರೀನಿಂದೆಗಳಿಗೆ ನಿಷೇಧ. ದೊಡ್ಡ ಧ್ವನಿಮುದ್ರಣ ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡ ತಂಡಗಳಿಗೆ ಅಲ್ಲಿ ವೇದಿಕೆಯಿಲ್ಲವೆಂಬ ನಿಯಮವೂ ಇತ್ತು. ಅಲ್ಲಿಯೇ ಬೆಳೆದ 'ಗ್ರೀನ್ ಡೇ' ತಂಡ ಅಂಥ ಒಪ್ಪಂದಕ್ಕೆ ಸಹಿ ಹಾಕಿದಾಗ ಅದಕ್ಕೂ ಬಾಗಿಲು ಮುಚ್ಚಿತು. 2015ರಲ್ಲಿ ಬೆಂಕಿ ಅನಾಹುತಕ್ಕೆ ತುತ್ತಾದ ಪ್ರಕಾಶನ ಸಂಸ್ಥೆಯೊಂದರ ನೆರವಿಗಾಗಿ ಹಾಡಲು ಬಂದಾಗ ಅದೇ ತಂಡಕ್ಕೆ ಬಾಗಿಲು ತೆರೆಯಿತು. ನಿಯಮ ಯಾರ ಮೇಲಿನ ಹಗೆಯೂ ಆಗಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ವಾಷಿಂಗ್ಟನ್ನಿನ 'ಫುಗಾಜಿ' ತಂಡವನ್ನೂ ನೆನೆಯಬೇಕು. 1987ರಿಂದ 2002ರವರೆಗೆ ವೇದಿಕೆಯೇರಿದ ಆ ತಂಡ, ಖ್ಯಾತಿ ಬೆಳೆದ ಮೇಲೂ ಟಿಕೆಟ್ಟಿನ ದರವನ್ನು ಐದು ಡಾಲರಿನ ಆಸುಪಾಸಿನಲ್ಲೇ ಇರಿಸಲು ಹೆಣಗಿತು. ಹೊಡೆದಾಟಕ್ಕಿಳಿದವರಿಗೆ ಹಣ ಹಿಂದಿರುಗಿಸಿ ಹೊರಗೆ ಕಳಿಸುತ್ತಿತ್ತು. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧವನ್ನು ವಿರೋಧಿಸಿ ಶ್ವೇತಭವನದ ಎದುರಿನ ಉದ್ಯಾನದಲ್ಲೇ ಹಾಡಿತು. ಪ್ರಾಯೋಜಕರ ಹಂಗಿನಲ್ಲಿದ್ದವರಿಗೆ ಆ ಉದ್ಯಾನಕ್ಕೆ ಹೋಗುವ ಧೈರ್ಯ ಬರುತ್ತಿತ್ತೇ?

ಕಾಡಂಚಿನ ಧ್ವನಿವರ್ಧಕಗಳನ್ನು ವಿರೋಧಿಸುವ ನಾವು ಈ ಗದ್ದಲವನ್ನು ಹೊಗಳುವುದು ವಿಪರ್ಯಾಸವಲ್ಲವೇ ಎಂದು ಕೇಳುವವರಿದ್ದಾರೆ. ನಾನು ಹೊಗಳುತ್ತಿರುವುದು ಸದ್ದನ್ನಲ್ಲ, ಅದರ ಹಿಂದಿನ ಲೆಕ್ಕಪತ್ರವನ್ನು. ಆ ಸದ್ದು ನಾಲ್ಕು ಗೋಡೆಗಳೊಳಗಿನದು, ಕೇಳಲು ಬಂದವರದು. ರೆಸಾರ್ಟಿನ ಸದ್ದಾದರೋ ಕೇಳಲೊಲ್ಲದ ಹಕ್ಕಿಯ ಮೇಲೆ, ಹಳ್ಳದಾಚೆಯ ಮನೆಯ ಮೇಲೆ ಬಂದೆರಗುವಂಥದು. ನಾಳೆ ಆ ಮಾಲೀಕರ ಬೇಲಿ ಸೊಪ್ಪಿನಬೆಟ್ಟದೊಳಕ್ಕೆ ಸರಿದರೆ, ಅವರ ಅನ್ನವುಂಡ ನಾವು ಯಾವ ಮುಖ ಹೊತ್ತು ಪ್ರಶ್ನಿಸೋಣ? ಹಣಕ್ಕೆ ಬಣ್ಣವಿಲ್ಲದಿರಬಹುದು, ಬಾಯಿ ಕಟ್ಟುವ ಗುಣವಂತೂ ಇದೆ.

ಹಣ ಸಾಲದೆಂಬುದು ಇನ್ನೊಂದು ವಾದ. ಶಾಮಿಯಾನ, ಸ್ಮರಣಿಕೆ, ಅತಿಥಿಗಳ ಕಾರು ಇವಿಷ್ಟನ್ನು ಕೈಬಿಟ್ಟು ಮತ್ತೆ ಲೆಕ್ಕ ಹಾಕೋಣ. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಂಡವರಿಗೆ ಶಾಮಿಯಾನ ಬೇಕಿರಲಿಲ್ಲ. ಹರಕೆಯ ಆಟಕ್ಕೆ ಊರೇ ಅಕ್ಕಿ, ಕಾಯಿ ಕೂಡಿಸಿಕೊಡುವುದನ್ನು ಕಂಡು ಬೆಳೆದವರು ನಾವು. ಇದನ್ನು ಬರ್ಕ್ಲಿಗೆ ಹೋಗಿ ಕಲಿಯಬೇಕಾದದ್ದು ನಮ್ಮ ಮರೆವಿನ ಫಲ.

ಆದ್ದರಿಂದ ಬಳಗದ ಮುಂದೆ ನನ್ನ ಸೂಚನೆ ಇಷ್ಟೇ: ಮನೆಗೊಂದು ಸೇರು ಅಕ್ಕಿ, ಕೈಲಾದಷ್ಟು ವಂತಿಗೆ, ಶಾಲೆಯ ಜಗಲಿಯೇ ವೇದಿಕೆ, ಖರ್ಚಿನ ಪೈಸೆ ಪೈಸೆಯ ವಿವರ ಇದೇ ಪತ್ರಿಕೆಯಲ್ಲಿ ಪ್ರಕಟವಾಗಲಿ. ಸಭೆ ಚಿಕ್ಕದಾದರೆ ಆಗಲಿ. ಅಲ್ಲಿ ಆಡಿದ ಮಾತು ನಮ್ಮದಾಗಿರಲಿ.